ಬಿಡಲು ಏನೂ ಇಲ್ಲದವನು

ಹಿಂದೂಪುರದ ಖಾಸಗಿ ಆಸ್ಪತ್ರೆಯಲ್ಲಿ ಆ ದಿನ ಈರಲಿಂಗಪ್ಪನ ಹೊಟ್ಟೆಯಿಂದ ಐದು ಲೀಟರ್ ನೀರು ತೆಗೆದರು. ಎರಡು ತಿಂಗಳಲ್ಲಿ ಅದು ನಾಲ್ಕನೆಯ ಸಲ. ಸಂಜೆ ಅವನ ಹೆಂಡತಿ ನಾಗರತ್ನಳ ತಂಗಿಯ ಗಂಡ ರಾಮಾಂಜಿ ಕಲ್ಯಾಣದುರ್ಗದಿಂದ ಬಸ್ಸಿನಲ್ಲಿ ಒಬ್ಬನೇ ಬಂದು, ಮೆಟ್ಟಿಲು ಹತ್ತಿ, ನಾಗರತ್ನ ಕೂತಿದ್ದ ಮಂಚದ ಪಕ್ಕ ನಿಂತ.

ಇಬ್ಬರಿಗೂ ಲಿವರ್ ಸಿರೋಸಿಸ್. ರಾಮಾಂಜಿಯದು ಇಪ್ಪತ್ತು ವರ್ಷದ ಕುಡಿತದಿಂದ ಬಂದದ್ದು. ಹತ್ತು ತಿಂಗಳ ಹಿಂದೆ ಕುಡಿತ ಬಿಟ್ಟ. ಹೊಟ್ಟೆಯಲ್ಲಿ ನೀರು ತುಂಬುವುದು ನಿಂತಿತು, ಕಣ್ಣಿನ ಹಳದಿ ಹೋಯಿತು. ಈರಲಿಂಗಪ್ಪ ಹೆಂಡ ಮುಟ್ಟಿದವನೇ ಅಲ್ಲ. ಅವನ ಲಿವರ್ ಹಾಳಾದದ್ದು ಸಕ್ಕರೆ ಕಾಯಿಲೆಯಿಂದ, ಕೊಬ್ಬಿನಿಂದ. ಆದರೂ ತನ್ನೂರು ಸೋಮಂದೇಪಲ್ಲಿಯಲ್ಲಿ ಅವನ ಹೊಟ್ಟೆ ನೋಡಿದವರೆಲ್ಲ ಎಷ್ಟು ಕುಡಿಯುತ್ತಿದ್ದೆ ಎಂದೇ ಕೇಳುತ್ತಿದ್ದರು.

“ಬಿಟ್ಬುಟ್ಟೆ ಕಣಣ್ಣ, ಅಷ್ಟೇ,” ಎಂದ ರಾಮಾಂಜಿ. “ಈಗ ನಮ್ಮತ್ತೆ ಕೋಳಿ ಕುಯ್ದು ಮರ್ಯಾದೆ ಮಾಡ್ತವ್ಳೆ.”

“ನಂಗೊಂದು ಕೋಳೀನೂ ಕುಯ್ಲಿಲ್ಲ ಬಿಡಪ್ಪ. ಕುಡೀದೇ ಇರೋನ್ಗೆ ಯಾರ್ ಕುಯ್ತಾರೆ?”

ರಾಮಾಂಜಿ ನಕ್ಕ. ಈರಲಿಂಗಪ್ಪ ಅವನ ಸೊಂಟದಲ್ಲಿ ಸಡಿಲವಾಗಿದ್ದ ಬೆಲ್ಟನ್ನೇ ನೋಡುತ್ತಿದ್ದ. ಇವನಿಗೆ ಬಿಡಲು ಏನೋ ಇತ್ತು. ತನಗೇನಿದೆ?

ಡಾಕ್ಟರ್ ಭ್ರಮರಾಂಬ ಫಾರಂ ಹಿಡಿದು ಬಂದರು. “ಬರೀ ಔಷಧೀಲಿ ಇನ್ನು ಜಾಸ್ತಿ ದಿನ ತಳ್ಳೋಕಾಗಲ್ಲ. ಲಿವರ್ ಬದಲಾಯಿಸೋಕೆ ಬೆಂಗಳೂರಿಗೆ ಬರೀತೀನಿ. ಇದ್ರಲ್ಲಿ ಬರೆಯೋಕೆ ಇನ್ನೊಂದ್ಸಲ ಕೇಳಬೇಕು, ಕುಡಿತ ಇತ್ತಾ?”

“ಇತ್ತು ಮೇಡಂ,” ಎಂದ ಈರಲಿಂಗಪ್ಪ. “ಹೋದ್ ವಾರ ಬಿಟ್ಟೆ. ನಂಗೂ ಇವ್ನಂಗೇ ವಾಸಿ ಆಯ್ತದಾ?”

ಪೆನ್ನು ನಿಂತಿತು. “ಹಾಗಾದ್ರೆ ಈಗ ಕಳಿಸೋಕಾಗಲ್ಲ. ಬಿಟ್ಟು ಆರು ತಿಂಗಳಾಗಿರಬೇಕು ಅಂತಾರೆ ಅಲ್ಲಿ. ನಿಮಗೆ ಅಷ್ಟು ಟೈಮ್ ಇದೆ ಅಂತ ನಾನು ಹೇಳಲಾರೆ.”

“ಅಬದ್ಧಂ ಮೇಡಂ, ಬರೀ ಸುಳ್ಳು!” ನಾಗರತ್ನ ಎದ್ದು ನಿಂತಳು. “ಮದ್ವೆ ಮನೇಲಿ ಸೋಡಾ ಕೊಟ್ರೂ ಮೂಸಿ ನೋಡಿ ಕುಡ್ಯೋ ಮನುಷ್ಯ!”

“ಹೌದು ಮೇಡಂ,” ಎಂದ ರಾಮಾಂಜಿ. “ಇಪ್ಪತ್ತು ವರ್ಷ ಕರ್ದಿದೀನಿ, ಒಂದಿನಾನೂ ಬರ್ಲಿಲ್ಲ. ‘ದೊಡ್ಡಳಿಯನ್ನ ನೋಡಿ ಕಲ್ತ್ಕೊ’ ಅಂತ ಅತ್ತೆ ಬೈಯೋಳು. ಇವ್ರನ್ನ ಕಂಡ್ರೆ ನಂಗೆ ಹೊಟ್ಟೆ ಉರೀತಿತ್ತು.”

ಈರಲಿಂಗಪ್ಪ ಮೊದಲ ಬಾರಿಗೆ ಅವನ ಮುಖ ನೋಡಿದ. ಡಾಕ್ಟರು ಏನೋ ಬರೆದರು.

“ಏನ್ ಬರುದ್ರಿ ಮೇಡಂ?” ಈರಲಿಂಗಪ್ಪ ಕೇಳಿದ.

“ಎಂದೂ ಕುಡಿದಿಲ್ಲ ಅಂತ.”

“ಇವ್ನ ಮುಂದೆ ಇನ್ನೊಂದ್ಸಲ ಓದಿ,” ಎಂದ ಈರಲಿಂಗಪ್ಪ.