ಬಾಗಿಲವರೆಗೆ ಬರುವ ಡಾಕ್ಟರು

ನಮ್ಮ ಬೀದಿಯ ಡಾಕ್ಟರು ನಡೆಯುವುದನ್ನು ನೋಡಿದರೆ, ಪಕ್ಕದ ಕೋಣೆಯಲ್ಲಿ ಯಾರೋ ಈಗಷ್ಟೇ ನಿದ್ದೆಹೋಗಿದ್ದಾರೆಂದು ಅನಿಸಬೇಕು. ಹೆಜ್ಜೆಯಂತೆಯೇ ಮಾತೂ ಮೆತ್ತಗೆ. ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ದನಿ ಇಳಿದಿಳಿದು, ಎದುರು ಕೂತ ರೋಗಿ ಮೇಜಿನ ಮೇಲೆ ಬಾಗಿ ಕಿವಿಗೊಡಬೇಕಾಗುತ್ತಿತ್ತು. ಜೇಬು ಜೋತುಬಿದ್ದ ಬಿಳಿಯ ಕೋಟಿನ ಅಂಚಿನಿಂದ ಕನ್ನಡಕ ಒರೆಸಿ, ಮತ್ತೆ ಒರೆಸಿ, ಕಡೆಗೆ ಅವರು ಹೇಳುತ್ತಿದ್ದುದು ಒಂದೇ: “ನೋಡಿ, ಮಾಡಿಸಿದ್ರೆ ಒಳ್ಳೇದು... ಆಮೇಲೆ ನಿಮ್ಮಿಷ್ಟ.” ಪರರ ಮನಸ್ಸು ಕಿಂಚಿತ್ತೂ ನೋಯಬಾರದೆಂಬ ಈ ಸೌಜನ್ಯಕ್ಕೆ ಬೀದಿಗೆ ಬೀದಿಯೇ ಮಾರುಹೋಗಿತ್ತು, ನಾನೂ ಅಷ್ಟೆ.

ಅವರ ಬಾಯಿಂದ ಹೊರಡದ್ದನ್ನು ನಡವಳಿಕೆಯಿಂದ ಓದಿಕೊಳ್ಳುವ ವಿದ್ಯೆಯನ್ನು ನಾವೆಲ್ಲ ಕಲಿತಿದ್ದೆವು, ಅಥವಾ ಕಲಿತೆವೆಂದು ಬೀಗಿದ್ದೆವು. ಕೂತಲ್ಲಿಂದಲೇ ಚೀಟಿ ಬರೆದರೆ ಔಷಧಿಯನ್ನು ತಪ್ಪದೆ ನುಂಗಬೇಕು. ಎದ್ದು, ಹೆಗಲ ಮೇಲೆ ಕೈಯಿಟ್ಟು, ಬಾಗಿಲವರೆಗೆ ಬಂದು ಕಳಿಸಿಕೊಟ್ಟರೋ, ಏನೂ ಇಲ್ಲ, ಹಾಯಾಗಿರಬಹುದು.

ಬೇಕರಿ ನಡೆಸುವ ನಮ್ಮ ಭಾವನ ತಂದೆ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡವರು. ಭಾವನಿಗೆ ಐವತ್ತು ತುಂಬಿದಾಗ ಡಾಕ್ಟರು ಪುಟ್ಟ ಡಬ್ಬಿಯೊಂದನ್ನು ಕೊಟ್ಟು, ಮಲ ಪರೀಕ್ಷೆ ಮಾಡಿಸಿದರೆ ರೋಗ ತಲೆಯೆತ್ತುವ ಮೊದಲೇ ಗೊತ್ತಾಗುತ್ತದೆಂದು ಗೊಣಗಿ, ಎಂದಿನಂತೆ ಇಷ್ಟವನ್ನು ಅವರಿಗೇ ಬಿಟ್ಟು, ಬಾಗಿಲವರೆಗೆ ಬಂದರು. ಭಾವ ಕುಣಿಯುತ್ತ ಮನೆ ಸೇರಿದರು.

“ಬ್ರೆಡ್ಡು ಮುಟ್ಟೋ ಕೈಲಿ ಇದನ್ನ ತುಂಬಿಸ್ಕೊಂಡು ಕೂರ್ಲಾ? ಡಾಕ್ಟ್ರೇ ಬಾಗಿಲ ತನಕ ಬಂದ್ರು ಕಣೇ!”

ಅಕ್ಕ ನಿಟ್ಟುಸಿರು ಬಿಟ್ಟು ಡಬ್ಬಿಯನ್ನು ಬೀರುವಿನ ಮೇಲಿಟ್ಟಳು.

ಮರುವರ್ಷ ಎದುರುಮನೆಯ ಮೇಷ್ಟ್ರು ಅದೇ ರೋಗದಿಂದ ಹೋಗಿಬಿಟ್ಟರು. ಅದರ ಮರುದಿನ ನಾನು, ಅಕ್ಕ, ಭಾವ ಮೂವರೂ ಬೇಕರಿಯಲ್ಲಿದ್ದಾಗ ಡಾಕ್ಟರು ಒಳಗೆ ಬಂದರು. ಮೈಮೇಲೆ ಕೋಟಿರಲಿಲ್ಲ. ಹೊಸ ಡಬ್ಬಿಯೊಂದನ್ನು ಗಾಜಿನ ಪೆಟ್ಟಿಗೆಯ ಮೇಲಿಟ್ಟರು. ದನಿ, ಆ ಒಂದು ದಿನ, ಕೊನೆಯವರೆಗೂ ಇಳಿಯಲಿಲ್ಲ.

“ನಾಳೆ ಬೆಳಿಗ್ಗೆ ಇದು ನನ್ನ ಮೇಜಿನ ಮೇಲಿರ್ಬೇಕು. ನಿಮ್ಮಿಷ್ಟ ಗಿಷ್ಟ ಏನೂ ಇಲ್ಲ. ನಾನು ಹೇಳ್ತಿದೀನಿ, ಮಾಡಿಸಿ.”

ಭಾವ ಬ್ರೆಡ್ಡು ಮುಟ್ಟಿದ ಕೈಯನ್ನು ಒರೆಸಿಕೊಂಡು ಡಬ್ಬಿ ಎತ್ತಿಕೊಂಡರು. ಅಕ್ಕನೇ ಬಾಯಿಬಿಟ್ಟಳು. “ಅವತ್ತು ಬಾಗಿಲ ತನಕ ಬಂದ್ರಲ್ಲ ಡಾಕ್ಟ್ರೇ, ಏನೂ ಇಲ್ಲ ಅಂತಲ್ವಾ?”

“ಅಯ್ಯೋ, ಹೇಳ್ಬೇಕಾದ್ದು ಬಾಯಿಗೆ ಬರ್ದೇ ಇದ್ದಾಗಲೇ ಕಣಮ್ಮಾ ನಾನು ಎದ್ದು ಬರೋದು, ಬಾಗಿಲಲ್ಲಾದ್ರೂ ಹೇಳೋಣ ಅಂತ. ಮೇಷ್ಟ್ರ ಜೊತೆ ಗೇಟಿನ ತನಕ ಹೋಗಿದ್ದೆ.”

ಆ ಮರ್ಯಾದೆ ಪಡೆದು ನಗುನಗುತ್ತ ಬೀದಿಗಿಳಿದವರ ಮುಖಗಳೆಲ್ಲ ಒಂದೊಂದಾಗಿ ಕಣ್ಣಿಗೆ ಕಟ್ಟಿದವು. ಅವುಗಳಲ್ಲಿ ನನ್ನದೂ ಒಂದು.

ಪರೀಕ್ಷೆಯಲ್ಲಿ ಬರಿಗಣ್ಣಿಗೆ ಕಾಣದ ರಕ್ತ ಸಿಕ್ಕಿತು. ದೊಡ್ಡಾಸ್ಪತ್ರೆಯಲ್ಲಿ ಭಾವನ ಕರುಳಿನೊಳಗೆ ಕ್ಯಾಮೆರಾ ಕೊಳವೆ ಇಳಿಸುವಾಗ ಅಕ್ಕ ಹೊರಗೆ ನನ್ನ ಮಣಿಕಟ್ಟನ್ನು ಹಿಡಿದ ಹಿಡಿತಕ್ಕೆ ಉಗುರು ಚರ್ಮಕ್ಕಿಳಿದಿತ್ತು. ಡಾಕ್ಟರೂ ಬಂದಿದ್ದರು, ಬೆಂಚಿನ ತುದಿಯಲ್ಲಿ, ಬೈಸಿಕೊಳ್ಳಲೆಂದೇ ಕೂತವರ ಹಾಗೆ ಕೂತಿದ್ದರು. ಚೆನ್ನಾಗಿ ಬಯ್ಯಬೇಕೆಂದೇ ನಾನೂ ಇದ್ದೆ, ಆದರೆ ಹೆದರಿಕೆಗೆ ಆ ಕೋಣೆಯ ಮುಚ್ಚಿದ ಬಾಗಿಲನ್ನೇ ನೋಡುತ್ತ ಕೂತೆ. ಒಳಗೆ ಸಿಕ್ಕ ಗಂಟು ಇನ್ನೂ ಕ್ಯಾನ್ಸರಾಗಿರಲಿಲ್ಲ. ಕತ್ತರಿಸಿ ತೆಗೆದರು.

ಇಂಥ ಸಜ್ಜನರು ಲೋಕದಲ್ಲಿ ಬಹಳ ಮಂದಿ. ಅವರಿಗೆ ನಮ್ಮ ಮುಖ ಬಾಡುವುದನ್ನು ನೋಡುವ ಧೈರ್ಯವಿಲ್ಲ. ಆ ಅಧೈರ್ಯವನ್ನೇ ನಾವು ಕರುಣೆಯೆಂದು ಕೊಂಡಾಡುತ್ತೇವೆ. ಅವರು ಮೆತ್ತಗೆ ಹೇಳಿದ್ದನ್ನು ನಾವು ಮೆತ್ತಗೆ ಮರೆಯುತ್ತೇವೆ, ಗದರಿದ್ದರೆ ಅಳುತ್ತಲಾದರೂ ಮಾಡುತ್ತಿದ್ದೆವು. ಅಂಥವರ ಬಾಯಿಂದ ಒಂದು ಗಡುಸು ಮಾತು ಹೊರಡಬೇಕಾದರೆ ಮೊದಲು ಯಾರಾದರೊಬ್ಬರು ಸಾಯಬೇಕಾಗುತ್ತದೆ. ನಮ್ಮ ಭಾವನಿಗಾಗಿ ಮೇಷ್ಟ್ರು ಸತ್ತರು.