ಇನ್ನೂರ ನಲವತ್ತು ಟ್ರ್ಯಾಕ್‌ಸೂಟು

ಬೀದರಿನ ಮಾಂಜರಾ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದಲ್ಲಿ ಒಂದು ಕಬ್ಬಿಣದ ಅಲಮಾರಿ ಇತ್ತು. ಅದರೊಳಗೆ ಹದಿನೈದು ನೀಲಿ ಟ್ರ್ಯಾಕ್‌ಸೂಟು, ಹದಿನೈದು ಜೊತೆ ಬೂಟು. ಯಾವ ಕಾಲೇಜಿನ ತಂಡ ವಿಶ್ವವಿದ್ಯಾಲಯದ ಹೆಸರಿನಲ್ಲಿ ಆಡಲು ಹೊರಟರೂ ಅವನ್ನೇ ತೊಟ್ಟು ಹೋಗಬೇಕು. ಮರಳಿ ಬಂದ ದಿನವೇ ಬಿಚ್ಚಿ ಕೊಡಬೇಕು. ಅಲಮಾರಿಯ ಕೀಲಿ ಮಹಾಮಾಯಾಳ ಬಳಿ ಇರುತ್ತಿತ್ತು.

ಮಹಾಮಾಯಾ ಸಂಖ್ಯಾಶಾಸ್ತ್ರದಲ್ಲಿ ಪದವಿ ಪಡೆದವಳು. ದಿನಾ ಬೆಳಿಗ್ಗೆ ಭಾಲ್ಕಿಯಿಂದ ರೈಲಿನಲ್ಲಿ ಬರುತ್ತಿದ್ದಳು. ವಿಭಾಗದಲ್ಲಿ ಆಕೆಯದು ಗುತ್ತಿಗೆ ನೌಕರಿ, ವರ್ಷಕ್ಕೊಮ್ಮೆ ನವೀಕರಣವಾಗಬೇಕು. ತಾಯಿ ಜಿಜಾಬಾಯಿ ಮಾತ್ರ ಓಣಿಯಲ್ಲಿ ಸಿಕ್ಕವರಿಗೆಲ್ಲ ಮಗಳು ಯುನಿವರ್ಸಿಟಿಯಲ್ಲಿ ಆಫೀಸರ್ ಎಂದೇ ಹೇಳಿಕೊಂಡು ಬಂದಿದ್ದಳು. ಆ ಮಾತನ್ನು ತಿದ್ದುವ ಧೈರ್ಯ ಮಗಳಿಗೆ ಆಗಿರಲಿಲ್ಲ.

ಆಕೆ ಬರುವ ಮೊದಲು ಬೂಟುಗಳೆಲ್ಲ ಒಂದು ಗೋಣಿಚೀಲದಲ್ಲಿ ಬಿದ್ದಿರುತ್ತಿದ್ದವು. ಆಕೆ ಪ್ರತಿ ಜೊತೆಗೂ ಸಂಖ್ಯೆ ಬರೆದಳು, ಪ್ರತಿ ಟ್ರ್ಯಾಕ್‌ಸೂಟಿನ ಕಾಲರಿಗೂ ಬಟ್ಟೆಯ ಚೀಟಿ ಹೊಲಿಸಿದಳು, ರಿಜಿಸ್ಟರಿನಲ್ಲಿ ಕೊಟ್ಟ ದಿನ, ಪಡೆದವರ ಸಹಿ, ಮರಳಿಸಿದ ದಿನ, ಸ್ಥಿತಿ ಎಂದು ಗೆರೆ ಎಳೆದಳು. ಎರಡು ವರ್ಷದಲ್ಲಿ ಒಂದು ಲೇಸೂ ಕಳೆದಿರಲಿಲ್ಲ.

ಆ ವರ್ಷ ಔರಾದಿನ ಕಾಲೇಜೊಂದರ ಹುಡುಗಿಯರು ಖೋ ಖೋದಲ್ಲಿ ದಕ್ಷಿಣ ವಲಯಕ್ಕೆ ಮೂರನೆಯವರಾಗಿ ಬಂದರು. ವಿಶ್ವವಿದ್ಯಾಲಯಕ್ಕೆ ಅಂಥ ಗೆಲುವು ಹಿಂದೆಂದೂ ಬಂದಿರಲಿಲ್ಲ. ಎರಡು ರಾತ್ರಿ ರೈಲಿನಲ್ಲಿ ಕಳೆದು ಬಂದವರನ್ನು ಸ್ಟೇಷನ್ನಿನಿಂದ ನೇರ ವೇದಿಕೆಗೆ ಕರೆತಂದು, ಶಾಲು ಹೊದಿಸಿ, ಫೋಟೋ ತೆಗೆಸಿದರು. ಕೆಳಗಿಳಿದೊಡನೆ ಪಡಸಾಲೆಯಲ್ಲಿ ಮಹಾಮಾಯಾ ರಿಜಿಸ್ಟರು ಹಿಡಿದು ನಿಂತಿದ್ದಳು. ಮರುದಿನ ನಸುಕಿಗೆ ಕಬಡ್ಡಿ ತಂಡ ಹೊರಡುವುದಿತ್ತು.

ತಂಡದ ನಾಯಕಿ ಸೌಂದರ್ಯಾಳದು ಏಳನೆಯ ಸಂಖ್ಯೆ. ಆಕೆ ಬೂಟು ಕಳಚಿ, ಮುಂದಿನ ತುದಿಯಿಂದ ಮುದ್ದೆಯಾದ ಪೇಪರನ್ನು ಹೊರಗೆಳೆದಳು. ಬೂಟು ದೊಡ್ಡದಿತ್ತೇ ಎಂದು ಮಹಾಮಾಯಾ ಕೇಳಿದಳು.

"ಸ್ವಲ್ಪ ದೊಡ್ಡವಿದ್ವುರಿ ಅಕ್ಕಾ. ಆಡೂ ಮುಂದ ಬಿಚ್ಚಿ ಇಟ್ಟು ಬರಿಗಾಲಲೇ ಆಡ್ದೇವ್ರಿ. ಫೋಟೋಕ್ಕ ಹಾಕ್ಕೊಂಡೇವಲ್ರಿ, ಸಾಕ್ರಿ."

ಹುಡುಗಿಯರು ನಕ್ಕರು. ಮಹಾಮಾಯಾ 'ಸುಸ್ಥಿತಿ' ಎಂದು ಬರೆದಳು. ಸೌಂದರ್ಯಾ ಸಹಿ ಮಾಡಿ ಹೊರಟಾಗ ತಿಳಿಯಿತು, ಆಕೆಯ ಚಪ್ಪಲಿ ರೈಲಿನಲ್ಲಿಯೇ ಕಳೆದುಹೋಗಿತ್ತು. ಮಧ್ಯಾಹ್ನದ ಬಿಸಿಲಿಗೆ ಅಂಗಳದ ಫರಸಿಕಲ್ಲು ಕಾದಿತ್ತು. ಕೊರಳಲ್ಲಿ ಪದಕ, ಬಗಲಲ್ಲಿ ಶಾಲು ಇಟ್ಟುಕೊಂಡು ಆಕೆ ನೆರಳಿನಿಂದ ನೆರಳಿಗೆ ಜಿಗಿಯುತ್ತ ಬಸ್ ನಿಲ್ದಾಣದ ದಾರಿ ಹಿಡಿದಳು. ಕರೆಯಬೇಕೆಂದು ಮಹಾಮಾಯಾಳಿಗೆ ಅನ್ನಿಸಿತು. ಆದರೆ ಹದಿನಾಲ್ಕು ಜೊತೆ ಬೂಟಿನಿಂದ ಹದಿನೈದು ಮಂದಿಯನ್ನು ಕಳಿಸುವುದು ಹೇಗೆ? ಆಕೆ ಅಲಮಾರಿಗೆ ಕೀಲಿ ಹಾಕಿದಳು.

ಮಾರ್ಚಿನಲ್ಲಿ ವಿಶ್ವವಿದ್ಯಾಲಯದ ಮೌಲ್ಯಮಾಪನಕ್ಕೆ ಸಮಿತಿ ಬರುವುದೆಂದು ವಾರ್ಷಿಕ ವರದಿಯ ಕೆಲಸ ಆಕೆಯ ಪಾಲಿಗೆ ಬಂತು. 'ಕ್ರೀಡಾ ಉಡುಪು ಪಡೆದ ಆಟಗಾರರು' ಎಂಬುದೊಂದು ಕಲಮು. ಮಹಾಮಾಯಾ ಸಹಿಗಳನ್ನು ಎಣಿಸಿದಳು. ಹದಿನಾರು ತಂಡ, ತಂಡಕ್ಕೆ ಹದಿನೈದು; ಇನ್ನೂರ ನಲವತ್ತು. ಪ್ರತಿ ಅಂಕಿಯ ಬೆನ್ನಿಗೂ ಸಹಿ ಇತ್ತು. ಅದನ್ನು ಸುಳ್ಳೆನ್ನುವವರು ಯಾರು?

ನಿರ್ದೇಶಕ ಮಾಣಿಕರಾವ್ ಆ ಪುಟ ಓದಿ ಹಿಗ್ಗಿದರು. ಗೆಲುವು ಇಷ್ಟು ದೊಡ್ಡದು, ಖರ್ಚು ಇಷ್ಟೇ ಇಷ್ಟು. ಇಂಥ ಲೆಕ್ಕ ಯಾವ ವಿಶ್ವವಿದ್ಯಾಲಯದಲ್ಲಿದೆ ಎಂದರು. ವಿದ್ಯಾರ್ಥಿಗಳ ಕ್ರೀಡಾ ಶುಲ್ಕದಲ್ಲಿ ಉಳಿದ ಹಣದಿಂದ ಅವರ ಕೋಣೆಗೆ ಸೋಫಾ ಮತ್ತು ಎ.ಸಿ. ಬಂದಿದ್ದವು. ಸಮಿತಿಯನ್ನು ಅಲ್ಲಿಯೇ ಕೂರಿಸುವುದೆಂದಾಯಿತು.

ಸಮಿತಿಯ ಹಿರಿಯ ಸದಸ್ಯೆಯೊಬ್ಬರು ವರದಿಯ ಆ ಸಾಲಿನ ಮೇಲೆ ಬೆರಳಿಟ್ಟು, ಆಟಗಾರರನ್ನೇ ಕಂಡು ಮಾತಾಡಬೇಕೆಂದರು. ಔರಾದಿನ ಹುಡುಗಿಯರನ್ನು ಕರೆಸಲಾಗಿತ್ತು. ಸೌಂದರ್ಯಾ ಮುಂದೆ ಬಂದು ನಿಂತಳು, ಕಾಲಲ್ಲಿ ಹವಾಯಿ ಚಪ್ಪಲಿ. ಕಿಟಕಿಯಾಚೆ ಮೈದಾನದಲ್ಲಿ ಕಬಡ್ಡಿಯ ಹುಡುಗರು ಅವೇ ನೀಲಿ ಟ್ರ್ಯಾಕ್‌ಸೂಟು ತೊಟ್ಟು ಸಾಲಾಗಿ ನಿಂತಿದ್ದರು.

ಉಡುಪು, ಬೂಟು ಸಿಕ್ಕಿವೆಯೇ ಎಂದು ಆ ಸದಸ್ಯೆ ಕೇಳಿದರು. ಸೌಂದರ್ಯಾ ಮಾಣಿಕರಾವರನ್ನು ನೋಡಲಿಲ್ಲ. ಮೂಲೆಯಲ್ಲಿ ರಿಜಿಸ್ಟರನ್ನು ಎದೆಗವಚಿ ನಿಂತಿದ್ದ ಮಹಾಮಾಯಾಳನ್ನು ನೋಡಿದಳು.

"ಸಿಕ್ಕಾವ್ರಿ. ಮನ್ಯಾಗ ಅದಾವ್ರಿ."

"ಮತ್ತೆ ಇಂದು ಯಾಕೆ ಹಾಕಿಕೊಂಡು ಬರಲಿಲ್ಲ?"

"ಹೊಸಾವು ಅದಾವಲ್ರಿ ಮೇಡಂ, ಹೊಲಸಾಗ್ತಾವಂತ ನಮ್ಮವ್ವ ಟ್ರಂಕಿನ್ಯಾಗ ಇಟ್ಟಾಳ್ರಿ."

ಕೋಣೆಯೆಲ್ಲ ನಕ್ಕಿತು, ಮಾಣಿಕರಾವರ ನಗು ಎಲ್ಲರಿಗಿಂತ ಜೋರಾಗಿತ್ತು. ಬಾಯಿ ತೆರೆಯಲು ಅದೇ ಕ್ಷಣ ಎಂದು ಮಹಾಮಾಯಾಳಿಗೆ ಗೊತ್ತಿತ್ತು. ಕ್ಷಣ ದಾಟಿತು. ಸದಸ್ಯೆ ಪುಟ ತಿರುವಿದರು.

ಮೆಟ್ಟಿಲ ಬಳಿ ಸೌಂದರ್ಯಾಳನ್ನು ತಡೆದು, ಹಾಗೇಕೆ ಹೇಳಿದೆ ಎಂದು ಮಹಾಮಾಯಾ ಕೇಳಿದಳು.

"ನಿಮ್ಮ ಮಾರಿ ನೋಡ್ದೆರಿ ಅಕ್ಕಾ. ನೌಕರಿ ನಿಮ್ದು ಹೋಗ್ತಿತ್ತು, ಸಾಹೇಬರ್ದೇನು ಹೋಗಲ್ರಿ."

ಸಂಜೆ ಮಾಣಿಕರಾವ್ ಗುತ್ತಿಗೆ ನವೀಕರಣದ ಕಾಗದಕ್ಕೆ ಸಹಿ ಹಾಕಿದರು. ಜಿಜಾಬಾಯಿ ಓಣಿಗೆಲ್ಲ ಪೇಢಾ ಹಂಚಿದಳು. ಮಹಾಮಾಯಾ ತನ್ನ ಪಾಲಿನ ಪೇಢಾವನ್ನು ಪಕ್ಕದ ಮನೆಯ ಮಗುವಿನ ಕೈಗಿಟ್ಟಳು.

ಭಾನುವಾರ ಆಕೆ ಸ್ವಂತ ಹಣದಿಂದ ಸೌಂದರ್ಯಾಳಿಗೆ ಬೂಟು ಕೊಳ್ಳಲು ಅಂಗಡಿಗೆ ಹೋದಳು. ಅಳತೆ ಎಷ್ಟು ಎಂದು ಅಂಗಡಿಯವನು ಕೇಳಿದ. ಏಳನೆಯ ಬೂಟಿನ ಲೇಸಿನ ಬಣ್ಣ, ಅಟ್ಟೆಯ ಸವಕಳಿ, ಅದು ಹೊರಗೆ ಹೋದ ಹದಿನಾರು ದಿನಾಂಕ ಎಲ್ಲವೂ ಆಕೆಗೆ ಬಾಯಿಪಾಠವಿದ್ದವು. ಆ ಹುಡುಗಿಯ ಪಾದದ ಅಳತೆಯನ್ನು ಮಾತ್ರ ಯಾವ ಕಲಮಿನಲ್ಲೂ ಬರೆದಿರಲಿಲ್ಲ. ಅಂದಾಜಿನ ಮೇಲೆ ಒಂದು ಜೊತೆ ತೆಗೆದುಕೊಂಡು ಔರಾದಿನ ಬಸ್ಸು ಹತ್ತಿದಳು.

ಸೌಂದರ್ಯಾಳ ತಾಯಿ ಈರಮ್ಮ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಗಿರಣಿ ನಿಲ್ಲಿಸಿ, ಸೆರಗಿನಿಂದ ಕುರ್ಚಿ ಒರೆಸಿ ಕೂರಿಸಿದಳು. "ಬರ್ರಿ ಮೇಡಂ, ಭಾಳ ಹೇಳ್ತಾಳ್ರಿ ನಿಮ್ಮ ಸುದ್ದಿ" ಎಂದು ಚಹಾಕ್ಕಿಟ್ಟಳು. ಸೌಂದರ್ಯಾ ಡಬ್ಬಿ ತೆರೆದಳು. ಬೂಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ಸಂಖ್ಯೆ ಹುಡುಕಿದಳು. ಇರಲಿಲ್ಲ. ಆಕೆಯ ದನಿಯಲ್ಲಿ ಕುಹಕ ಲವಲೇಶವೂ ಇರಲಿಲ್ಲ.

"ಸಹಿ ಎಲ್ಲಿ ಮಾಡ್ಲಿರಿ ಅಕ್ಕಾ? ತಿರುಗಿ ಯಾವಾಗ ತಂದು ಕೊಡ್ಬೇಕ್ರಿ?"

ಮಹಾಮಾಯಾ ತಲೆ ತಗ್ಗಿಸಿದಳು. ಕೊಡುವುದೇನೂ ಬೇಡ, ಅದು ನಿನ್ನದೇ ಎಂದಳು. ಆ ಮಾತು ಆಕೆಯ ಕಿವಿಗೇ ಹೊಸದಾಗಿ ಕೇಳಿಸಿತು; ಎರಡು ವರ್ಷದಲ್ಲಿ ಆ ಅಲಮಾರಿಯ ಮುಂದೆ ನಿಂತು ಒಬ್ಬರಿಗೂ ಅದನ್ನು ಹೇಳಿರಲಿಲ್ಲ. ಸೌಂದರ್ಯಾ ಬೂಟು ಹಾಕಿಕೊಂಡಳು. ಮತ್ತೆ ದೊಡ್ಡದಾಯಿತು. ಇರಲಿ, ಪೇಪರ್ ತುರುಕಿದರಾಯಿತು ಎಂದು ನಕ್ಕಳು.

ಸೋಮವಾರ ಬೆಳಿಗ್ಗೆ ಮಹಾಮಾಯಾ ಸಮಿತಿಗೆ ತಿದ್ದುಪಡಿ ಪತ್ರ ಬರೆಯಲು ಕುಳಿತಳು. ಮೊದಲು ಇನ್ನೂರ ನಲವತ್ತನ್ನು ಹೊಡೆದು ಹದಿನೈದು ಎಂದು ಬರೆದಳು. ಅದೂ ತಪ್ಪು. ಆ ಹದಿನೈದು ಅಲಮಾರಿಯಲ್ಲಿದ್ದವು, ಯಾರ ಮನೆಯಲ್ಲೂ ಅಲ್ಲ. ಅದನ್ನೂ ಹೊಡೆದು, ಉಡುಪು ಪಡೆದ ಆಟಗಾರರು ಸೊನ್ನೆ, ಈ ವಿಷಯ ತಿಳಿದೂ ತಪ್ಪು ಲೆಕ್ಕ ಕೊಟ್ಟವಳು ನಾನು ಎಂದು ಬರೆದು ಪೂರ್ತಿ ಹೆಸರಿನ ಸಹಿ ಹಾಕಿದಳು. ಪತ್ರವನ್ನು ರಿಜಿಸ್ಟರ್ಡ್ ಅಂಚೆಗೆ ಹಾಕಿ, ಅದರ ಪ್ರತಿಯೊಂದನ್ನು ಮಾಣಿಕರಾವರ ಮೇಜಿನ ಮೇಲಿಟ್ಟಳು. ಅಲಮಾರಿಯ ಕೀಲಿಯನ್ನು ಅದರ ಮೇಲಿಟ್ಟು, ಕರೆ ಬರುವವರೆಗೆ ಹೊರಗಿನ ಬೆಂಚಿನ ಮೇಲೆ ಕುಳಿತಳು. ತಾಯಿಗೆ ಏನೆಂದು ಹೇಳುವುದೆಂಬುದು ಮಾತ್ರ ಇನ್ನೂ ಹೊಳೆದಿರಲಿಲ್ಲ.