ನೀರಿಗೆ ಬೇಲಿಯಿಲ್ಲ

ಚಟ್ಟಕ್ಕೆ ಬಿದಿರು ಸೀಳುತ್ತಿದ್ದ ಕುಳ್ಳಯ್ಯ ಮಚ್ಚೆತ್ತಿದ ಕೈಯನ್ನು ಹಾಗೇ ನಿಲ್ಲಿಸಿದ. ರೆಸಾರ್ಟಿನ ಜೀಪು ತಿರುವಿನಿಂದಲೇ ಹಾರ್ನು ಹೊಡೆದುಕೊಂಡು ಬಂದು ಮರಮ್ಮನ ಮನೆಯ ಮುಂದೆ ನಿಂತಿತು.

"ಮರಮ್ಮತ್ತೇ, ಬಿರ್ರನೆ ಬಾ! ಗೆಸ್ಟು ಗಾಳದ ಕೋಲು ನೀರ್ಗೆ ಬೀಳ್ಸವ್ರೆ!"

ಕೂಗುತ್ತಲೇ ಕೆಳಗೆ ಹಾರಿದ ಧರ್ಮೇಂದ್ರ ಅಲ್ಲೇ ನಿಂತುಬಿಟ್ಟ. ಜಗಲಿಯ ಕಂಬಕ್ಕೆ ಒರಗಿಸಿ ಮರಮ್ಮನನ್ನು ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಸೇವಂತಿಗೆ ಹಾರ, ಗಲ್ಲಕ್ಕೆ ಬಿಳಿ ಬಟ್ಟೆ ಕಟ್ಟಿತ್ತು.

"ಯಾವಾಗ?" ಎಂದ.

"ಬೆಳಗಾಗೆ. ಎದೆ ಇಡ್ಕಂತು ಅಂದ್ಲು. ನೀರು ಕೊಡೋಷ್ಟ್ರಲ್ಲಿ ಓಗ್ಬುಟ್ಟಿದ್ಲು" ಎಂದ ಮರಮ್ಮನ ತಮ್ಮ ಚಿಕ್ಕಮಾದು.

ಧರ್ಮೇಂದ್ರ ಚಪ್ಪಲಿ ಬಿಟ್ಟು ಹೆಣದ ಕಾಲು ಮುಟ್ಟಿದ. ರೆಸಾರ್ಟಿನಲ್ಲಿ ಬೋಟು ನಡೆಸುವವನು ಅವನು. ಇಪ್ಪತ್ತು ವರ್ಷದಿಂದ ಆ ಬೋಟುಗಳಿಂದ ಕಬಿನಿಯ ಹಿನ್ನೀರಿಗೆ ಬಿದ್ದ ಗಾಳದ ಕೋಲು, ರೀಲು, ಕ್ಯಾಮೆರಾ, ಎಲ್ಲವನ್ನೂ ಮುಳುಗಿ ಎತ್ತಿ ಕೊಟ್ಟವಳು ಈ ಮರಮ್ಮ. ಮೊಸಳೆಗೆ ಹೆದರಿ ಬೇರೆ ಯಾರೂ ಇಳಿಯುತ್ತಿರಲಿಲ್ಲ. 'ಮೊಸಳೆ ಮೈ ಕಾಯಿಸ್ಕಳಾಕೆ ದಡಕ್ಕೆ ಬಂದಿರ್ತದೆ, ಆಗ ನಾನು ಒಳಕ್ಕೋಯ್ತೀನಿ' ಅನ್ನುತ್ತಿದ್ದಳು.

ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮ್ಯಾನೇಜರು.

"ಸಾರ್, ಅವ್ರು ತೀರ್ಕೊಂಡವ್ರೆ ಸಾರ್."

ಆ ಕಡೆಯಿಂದ ಬಂದ ಮಾತು ಸುತ್ತ ನಿಂತವರಿಗೆಲ್ಲ ಕೇಳಿತು. "ಅಯ್ಯೋ ಪಾಪ. ಬೇರೆ ಯಾರಾದ್ರೂ ಮುಳುಗೋರು ಇದ್ದಾರಾ ನೋಡು. ಗೆಸ್ಟು ಹನ್ನೊಂದಕ್ಕೆ ಹೊರಡ್ತಾರೆ."

ತಾಯಿಯ ಪಕ್ಕದಲ್ಲಿ ಕುಳಿತಿದ್ದ ಸಂಘಮಿತ್ರ ತಲೆಯೆತ್ತಿದಳು. ಮರಮ್ಮನ ಒಬ್ಬಳೇ ಮಗಳು. ಕೋಟೆ ಡಿಪೋದಲ್ಲಿ ಬಸ್ ಕಂಡಕ್ಟರು.

* * *

ಇಪ್ಪತ್ತು ವರ್ಷದ ಹಿಂದೆ ಮರಮ್ಮ ಅದೇ ರೆಸಾರ್ಟಿನಲ್ಲಿ ಬೋಟು ತೊಳೆಯುತ್ತಿದ್ದಳು. ಒಂದು ದಿನ ಗೆಸ್ಟೊಬ್ಬರ ಗಾಳದ ಕೋಲು ಕಾಣೆಯಾಯಿತು. ಬೋಟು ತೊಳೆದವಳು ಇವಳೇ, ಕದ್ದವಳೂ ಇವಳೇ ಎಂದರು. ಆಗಿನ ಮ್ಯಾನೇಜರು ಅವಳ ಊಟದ ಚೀಲ ಬೋರಲು ಹಾಕಿಸಿದ. ಇಬ್ಬರನ್ನು ಕಳಿಸಿ ಮನೆಯ ಅಟ್ಟವನ್ನೂ ಹುಡುಕಿಸಿದ. ಊರು ನಿಂತು ನೋಡಿತು.

ಮರುದಿನ ಬೆಳಗ್ಗೆ ಮರಮ್ಮ ಸೀರೆ ಎತ್ತಿ ಕಚ್ಚೆ ಹಾಕಿಕೊಂಡು ಬೋಟಿನಲ್ಲಿ ಹೋಗಿ ಕುಳಿತಳು.

"ನೆನ್ನೆ ಎಲ್ಲಿ ತಿರುಗ್ಸುದ್ರಿ? ಅಲ್ಲಿಗೆ ನಡೀರಿ. ಆ ಸಾಹೇಬ್ರೂ ಬರ್ಲಿ."

"ಆ ಒಣಮರದ ಹತ್ತಿರ" ಎಂದ ಮ್ಯಾನೇಜರು.

"ಒಣಮರ ಅಲ್ಲ ಅದು. ನಮ್ಮೂರ ಮಾರಿಗುಡಿ ಮುಂದ್ಲ ಉಣಸೇಮರ."

ಅಣೆಕಟ್ಟೆಗೆ ನೀರು ನಿಂತು ಹಳೇ ಹುಣಸೆಕೊಪ್ಪಲು ಮುಳುಗಿದಾಗ ಅವಳಿಗೆ ಹದಿನಾಲ್ಕು ವರ್ಷ. ನೀರಿನಡಿಯ ಬೀದಿ, ಬಾವಿ, ಹೊಲದ ಬದು ಎಲ್ಲ ಅವಳ ಕಾಲಿಗೆ ಗೊತ್ತಿದ್ದವು. ಎರಡು ಸಲ ಬರಿಗೈಯಲ್ಲಿ ಮೇಲೆ ಬಂದಳು. ಮೂರನೇ ಸಲ ಬಂದಾಗ ಕೈಯಲ್ಲಿ ಕೋಲಿತ್ತು. ಹುಣಸೆಯ ಕವಲಿಗೆ ಸಿಕ್ಕಿಕೊಂಡಿತ್ತಂತೆ.

ಗೆಸ್ಟು ನಗುತ್ತ ನೋಟು ತೆಗೆದು ಚಾಚಿದ.

"ದುಡ್ಡು ಮಡೀಕಳಿ" ಎಂದಳು ಮರಮ್ಮ. ಒಂದು ಕೈಯಲ್ಲಿ ಬೋಟಿನ ಅಂಚು, ಇನ್ನೊಂದರಲ್ಲಿ ಕೋಲು. "ಕಳ್ಳಿ ಅಂದ್ರಲ್ಲ, ಆ ಮಾತ್ನ ವಾಪಸ್ ತಕ್ಕಳಿ."

ಅವನು ಇಂಗ್ಲಿಷಿನಲ್ಲಿ ಏನೋ ಹೇಳಿದ. ಮ್ಯಾನೇಜರು ಬಗ್ಗಿ, "ಸಾಹೇಬ್ರು ಖುಷಿಯಾಗವ್ರೆ, ಸುಮ್ನೆ ಈಸ್ಕೊ" ಎಂದ.

"ಅಂಗಾರೆ ಇದೂ ಅಲ್ಲೇ ಇರ್ಲಿ ಬುಡಿ."

ಮರಮ್ಮ ಮುಷ್ಟಿ ಬಿಚ್ಚಿದಳು. ಕೋಲು ಸದ್ದೇ ಇಲ್ಲದೆ ಒಳಗೆ ಹೋಯಿತು. ಗೆಸ್ಟಿನ ಮುಖ ಕೆಂಪಾಯಿತು, ಆಮೇಲೆ ಬಿಳಿಚಿಕೊಂಡಿತು. ಮ್ಯಾನೇಜರು ಅವನ ಪರವಾಗಿ ಬಾಯಿ ತೆರೆದಾಗ, "ನೀವಲ್ಲ. ಅವ್ರ ಬಾಯಲ್ಲೇ ಬರ್ಲಿ" ಎಂದಳು.

"ತಪ್... ತಪ್ಪಾಯ್ತಮ್ಮ" ಎಂದ ಗೆಸ್ಟು, ತೊದಲು ಕನ್ನಡದಲ್ಲಿ.

ಮರಮ್ಮ ಮತ್ತೆ ಮುಳುಗಿದಳು. ಕೋಲು ಎತ್ತಿಕೊಟ್ಟು ಅವತ್ತೇ ಕೆಲಸ ಬಿಟ್ಟಳು. ಅಲ್ಲಿಂದ ಮುಂದೆ ಏನು ಬಿದ್ದರೂ ಜೀಪು ಅವಳ ಬಾಗಿಲಿಗೆ ಬರಬೇಕಾಯಿತು.

* * *

"ಧರ್ಮಣ್ಣ, ಎಲ್ಲಿ ಬಿದ್ದದೆ?" ಎಂದು ಕೇಳಿದಳು ಸಂಘಮಿತ್ರ.

"ನಿಮ್ಮ ತಾತನ ಒಲದ ಮೇಲೆ ಕಣವ್ವ. ಜೆಟ್ಟಿಯಿಂದ ಐವತ್ತು ಮಾರು. ಎಲ್ಡಾಳು ನೀರದೆ."

"ನಾನು ಎತ್ಕೊಡ್ತೀನಿ. ನಡಿ."

ಹೆಂಗಸರ ಅಳು ನಿಂತಿತು. ಚಿಕ್ಕಮಾದು ಮುಂದೆ ಬಂದ. "ತಲೆ ಕೆಟ್ಟದಾ? ಎತ್ತವ್ವನ ಎಣ ಬಾಗ್ಲಲ್ಲಿ ಮಡಿಕ್ಕಂಡು ರೆಸಾರ್ಟ್‌ನೋರ ಚಾಕರಿಗೋಯ್ತೀಯಾ?"

"ಮಾವ, ನಾನು ಅತ್ತ ಓದ್ಮೇಲೆ ನೀವು ಅವ್ವನ್ನ ಎತ್ಕಂಡು ಒರಡಿ. ರೆಸಾರ್ಟಿನ ಗೇಟ್‌ಗೆ ಬನ್ನಿ."

ಸ್ಮಶಾನದ ದಿಣ್ಣೆಗೆ ಹಳೆಯ ಗಾಡಿದಾರಿ ಇದ್ದದ್ದು ಆ ಗೇಟಿನ ಒಳಗೆ. ಐದು ವರ್ಷದ ಹಿಂದೆ ರೆಸಾರ್ಟಿನವರು ತಂತಿ ಬೇಲಿ ಹಾಕಿ, ದಾರಿ ಅಗೆದು ಹುಲ್ಲು ಬೆಳೆಸಿದರು. ಹೆಣ ನೋಡಿದರೆ ಗೆಸ್ಟುಗಳಿಗೆ ಬೇಜಾರಾಗುತ್ತದೆ, ಸುತ್ತಿಕೊಂಡು ಹೋಗಿ ಎಂದರು. ಸುತ್ತುದಾರಿ ನಾಲ್ಕು ಕಿಲೋಮೀಟರು. ಹೋದ ಮಳೆಗಾಲದಲ್ಲಿ ಚಿಕ್ಕಬಸಪ್ಪನನ್ನು ಹಾಗೆ ಹೊತ್ತವರು ಕೆಸರಿನಲ್ಲಿ ಜಾರಿ, ಹೆಣ ಹಳ್ಳಕ್ಕೆ ಉರುಳಿತ್ತು. ಅಂದಿನಿಂದ ಮರಮ್ಮ ಪ್ರತಿ ಸಲ ಕೋಲು ಎತ್ತಿಕೊಟ್ಟಾಗಲೂ ಕೇಳುತ್ತಿದ್ದುದು ಒಂದೇ ಮಾತು: 'ಗೇಟ್ ತೆಗೀತೀರೋ ಇಲ್ವೋ?' ಮ್ಯಾನೇಜರು ಪ್ರತಿ ಸಲವೂ 'ನೋಡೋಣ' ಅನ್ನುತ್ತಿದ್ದ.

"ಪೊಲೀಸ್ನೋರ್ನ ಕರೀತಾರೆ ಕಣವ್ವ" ಎಂದ ಚಿಕ್ಕಮಾದು, ದನಿ ಇಳಿಸಿ. "ದೊಡ್ಡೋರ ಸವಾಸ. ಮಣ್ಣಾಗೋಳು ಯಾವ ದಾರೀಲಿ ಓದ್ರೇನು?"

"ಅವ್ವ ಏನಂದಿದ್ಲು? ನೀವೇ ಯೋಳಿ ಮಾವ."

ಚಿಕ್ಕಮಾದು ಅಕ್ಕನ ಮುಖ ನೋಡಿದ.

"ಉಲ್ಲಿನ ಮೇಲೇ ಒತ್ಕಂಡೋಗಿ ಅಂದಿದ್ಲು" ಎಂದ.

* * *

ಸಂಘಮಿತ್ರಳಿಗೆ ಒಂಬತ್ತು ವರ್ಷವಿದ್ದಾಗ ಮರಮ್ಮ ಅವಳ ಸೊಂಟಕ್ಕೆ ಹಗ್ಗ ಕಟ್ಟಿ ನೀರಿಗಿಳಿಸಿದ್ದಳು. ಹುಡುಗಿ ಕೆಮ್ಮುತ್ತ ಮೇಲೆ ಬಂದು, ಏನೂ ಕಾಣಲ್ಲ ಎಂದು ಅತ್ತಳು.

"ಕಣ್ಣಲ್ಲಿ ನೋಡಿದ್ರೆ ಏನೂ ಕಾಣಾಕಿಲ್ಲ. ಕೈಯಲ್ಲಿ ನೋಡು. ಕಲ್ಲು ಸಾಲಾಗಿ ಸಿಕ್ತಾ?"

"ಸಿಕ್ತು."

"ಅದು ನಿಮ್ಮ ತಾತ ಕಟ್ಟಿದ ಬದು. ಅದುನ್ನ ಇಡ್ಕಂಡು ಓಗು, ದಾರಿ ತಪ್ಪಾಕಿಲ್ಲ. ಮೇಲ್ಗಡೆ ಯಾರ್ದಾರ ಆಗ್ಲಿ, ಕೆಳಗಡೆ ನಮ್ದೇ ಊರು ಕಣ್ ಮಗ."

* * *

ಧರ್ಮೇಂದ್ರ ಬೋಟು ನಿಲ್ಲಿಸಿದ ಕಡೆ, ಮೊದಲ ಮುಳುಗಿನಲ್ಲಿ, ಸಂಘಮಿತ್ರಳ ಕೈಗೆ ಬರೀ ಕೆಸರು ಸಿಕ್ಕಿತು. ಎರಡನೆಯದರಲ್ಲಿ ಕಲ್ಲುಸಾಲು. ಮೇಲೆ ಬಂದು ಉಸಿರು ತುಂಬಿಕೊಂಡಳು. ದೂರದಲ್ಲಿ ತಮಟೆ ಕೇಳುತ್ತಿತ್ತು. ಮತ್ತೆ ಒಳಗಿಳಿದು ಬದುವಿನ ಗುಂಟ ತಡಕಿಕೊಂಡು ಹೋದಳು. ಎದೆ ಒಡೆಯುತ್ತದೆ ಅನ್ನಿಸಿತು. ಮೇಲೆ ಹೋಗಿಬಿಡಲೇ ಅಂದುಕೊಂಡಳು, ಹೋಗಲಿಲ್ಲ. ಇನ್ನೊಂದು ಮಾರು ಮುಂದೆ, ಎರಡು ಕಲ್ಲಿನ ನಡುವೆ, ತೆಳ್ಳಗಿನ ನುಣುಪಾದ ಕೋಲು ಬೆರಳಿಗೆ ತಾಗಿತು.

ಬೋಟಿಗೆ ಹತ್ತಲಿಲ್ಲ ಅವಳು. ಕೋಲನ್ನು ಒಂದು ಕೈಯಲ್ಲಿ ಹಿಡಿದು ಬೋಟು ಕಟ್ಟುವ ಜೆಟ್ಟಿಯವರೆಗೂ ಈಜಿ, ಮೆಟ್ಟಿಲು ಹತ್ತಿ ಬೇಲಿಯ ಒಳಗೆ ನಿಂತಳು.

ನರೆಗಡ್ಡದ ಗೆಸ್ಟು ಎರಡೂ ಕೈಯಲ್ಲಿ ಕೋಲು ಈಸಿಕೊಂಡರು. "ನಮ್ಮ ತಂದೇದಮ್ಮ ಇದು. ಹೋಗೇಬಿಡ್ತು ಅಂದ್ಕೊಂಡಿದ್ದೆ" ಎಂದರು. ತಮಟೆ ಹತ್ತಿರವಾಗಿತ್ತು. "ಏನದು? ಯಾರದಾದರೂ ಸಾವಾ?"

"ಇಲ್ಲಿ ಬಿದ್ದಿದ್ನೆಲ್ಲ ಎತ್ಕೊಡ್ತಿದ್ದೋಳ್ದು" ಎಂದಳು ಸಂಘಮಿತ್ರ. "ನಮ್ಮವ್ವ."

ಸಂಘಮಿತ್ರ ಹುಲ್ಲಿನ ಮೇಲೆ ಗೇಟಿನತ್ತ ನಡೆದಳು. ಒದ್ದೆ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ತಿಂಡಿ ತಿನ್ನುತ್ತಿದ್ದವರು ತಿರುಗಿ ನೋಡಿದರು. ಮ್ಯಾನೇಜರು ಓಡಿಬಂದ.

"ಎಲ್ಲಿಗಮ್ಮಾ? ಜೀಪಲ್ಲಿ ಮನೆಗೆ ಬಿಡಿಸ್ತೀನಿ. ಆಫೀಸ್ ಹತ್ರ ಬನ್ನಿ, ನಿಮ್ದೇನಿದೆಯೋ ಕೊಟ್ಬಿಡ್ತೀನಿ."

"ನಮ್ದು ದಾರಿ. ಅದುನ್ನ ಕೊಡಿ."

"ಇವತ್ತು ಮಾತ್ರ ಬೇಡ. ಗೆಸ್ಟುಗಳಿದ್ದಾರೆ. ನಾನು ಮೇಲಿನವರ ಹತ್ರ ಮಾತಾಡಿ..."

"ಸಾರ್, ಅವ್ವಂಗೆ ಇವತ್ತು ಬುಟ್ರೆ ಬ್ಯಾರೆ ದಿನ ಇಲ್ಲ."

ಬೇಲಿಯಾಚೆ ಹೆಣ ಬಂದು ನಿಂತಿತ್ತು. ತಮಟೆಯವರು ಬಡಿಯುವುದನ್ನು ನಿಲ್ಲಿಸಿದರು. ಗೇಟಿನ ಚಿಲಕ ಒಳಗಡೆ ಇತ್ತು, ಅದರ ಮೇಲೆ ಕಾವಲಿನ ಚೆಲುವಯ್ಯನ ಕೈ ಇತ್ತು. ಚೆಲುವಯ್ಯನೂ ಅದೇ ಊರಿನವನು. ಅವನ ಹೆಂಡತಿ ಆಚೆ ಹೆಂಗಸರ ಗುಂಪಿನಲ್ಲಿ ಅವನನ್ನೇ ನೋಡುತ್ತ ನಿಂತಿದ್ದಳು.

"ಚೆಲುವಯ್ಯ, ತೆಗೆದ್ರೆ ನಾಳೆಯಿಂದ ಕೆಲಸಕ್ಕೆ ಬರೋದು ಬೇಡ!" ಎಂದ ಮ್ಯಾನೇಜರು.

"ನೀನು ತೆಗೀಬ್ಯಾಡ ಚಿಕ್ಕಪ್ಪ. ಕೈ ತೆಗಿ ಸಾಕು" ಎಂದಳು ಸಂಘಮಿತ್ರ.

ಚೆಲುವಯ್ಯ ಕೈ ತೆಗೆದ. ಟೋಪಿಯನ್ನೂ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಸಂಘಮಿತ್ರ ಚಿಲಕ ಎಳೆದಳು. ಐದು ವರ್ಷ ಜೀಪುಗಳಿಗೆ ಮಾತ್ರ ತೆರೆಯುತ್ತಿದ್ದ ಗೇಟು ಎರಡೂ ಕಡೆಗೆ ಪೂರ್ತಿ ಸರಿಯಿತು.

ತಮಟೆ ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ಮ್ಯಾನೇಜರು ಫೋನು ಕಿವಿಗಿಟ್ಟುಕೊಂಡು ಕಾಟೇಜುಗಳ ಕಡೆಗೆ ಹೋದ. ಬಣ್ಣದ ಛತ್ರಿಗಳ ಕೆಳಗೆ ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತರು. ನರೆಗಡ್ಡದ ಗೆಸ್ಟು ಜೆಟ್ಟಿಯ ಮೇಲೆ ಬೂಟು ಬಿಚ್ಚುತ್ತಿದ್ದರು.

ಹುಲ್ಲಿನ ನಟ್ಟನಡುವೆ ಬಂದಾಗ ಮುಂದಿನ ಹೆಗಲು ಕೊಟ್ಟಿದ್ದ ಚಿಕ್ಕಮಾದು ನಿಂತ. ದಾರಿಯಲ್ಲಿ ಒಂದು ಕಡೆ ಹೆಣ ಇಳಿಸಿ ಹೆಗಲು ಬದಲಿಸುವುದು ಪದ್ಧತಿ. ಊರವರು ಅದನ್ನು ದಿಣ್ಣೆಯ ಬುಡದ ಆಲದ ಕೆಳಗೆ ಮಾಡುತ್ತಿದ್ದರು.

"ಇಳ್ಸಿ" ಎಂದ ಚಿಕ್ಕಮಾದು.

"ಇಲ್ಲೇನಾ? ಆಲದ ತಾವ ಅಲ್ವಾ?" ಎಂದ ಕುಳ್ಳಯ್ಯ.

"ಇಲ್ಲೇ ಕಣ್ಲಾ. ಇಳ್ಸು."

ಇಳಿಸಿದರು. ಸುತ್ತಲೂ ಕಡ್ಲೆಪುರಿ ಎರಚಿದರು. ಯಾರೂ ಅವಸರ ಮಾಡಲಿಲ್ಲ. ತಮಟೆಯ ಶಿವನಂಜಪ್ಪ ಕೈ ಸೋಲುವವರೆಗೂ ಬಡಿದ. ಆಮೇಲೆ ಮರಮ್ಮನನ್ನು ಎತ್ತಿಕೊಂಡು ದಿಣ್ಣೆಯತ್ತ ಏರಿದರು. ಹಿಂದೆ, ಚಟ್ಟ ಇಳಿಸಿದ್ದ ಕಡೆ, ಒಪ್ಪವಾಗಿ ಕತ್ತರಿಸಿದ ಹುಲ್ಲು, ಬಿಳಿಯ ಪುರಿಯ ನಡುವೆ, ಒಂದು ಆಳುದ್ದಕ್ಕೆ ಮಲಗಿತ್ತು.